ಬಣ್ಣಕ್ಕ ಎಷ್ಟು ಬಿಸಿ ಬೇಕು

ಇಪ್ಪತ್ತೆರಡು ವರ್ಷ ಬಾಯ್ಲರಿಗೆ ಉಣಿಸೀನಿ,
ಸೊಲ್ಲಾಪುರದ ಅಕ್ಕಲಕೋಟ ರೋಡಿನ್ಯಾಗ,
ಟವೆಲ್ಲಿಗೆ ಬಣ್ಣ ಹಾಕೋ ಕಾರ್ಖಾನ್ಯಾಗ.
ದಿನಾ ಮೂರು ಟ್ರ್ಯಾಕ್ಟರ್ ಜಾಲಿಕಟ್ಟಿಗಿ,
ಮುಳ್ಳು ಸಮೇತ.
ಬಾಗಿಲ ತೆಗೆದರ ಹುಬ್ಬು ಸುಡತಾವ.
ಗುರವ್ವ ನಗತಾಳ:
ನಿನ್ನ ಮುಖದಾಗ ಹುಬ್ಬು ಎಲ್ಲಿ ಅದಾವ,
ಹುಬ್ಬಿನ ಜಾಗಾ ಅದ ಅಷ್ಟ.

ಒಳಗ ಸಾವಿರ ಡಿಗ್ರಿ ಬೆಂಕಿ.
ಹೊರಗ ತೊಟ್ಟಿಯೊಳಗ ಬಣ್ಣ ಕೇಳೂದು ಎಷ್ಟು?
ಅಂಬಾದಾಸ ಕಾಕಾ ಹೇಳತಿದ್ದ,
ಬೆರಳ ತುದಿಗೆ ನಾಲ್ಕು ಥರದ ಬಣ್ಣ ಇದ್ದ ಮೇಸ್ತ್ರಿ:
ಹಳದಿಗೆ ನಲವತ್ತು, ಕೂಸಿಗೆ ಎರಿಯೋ ನೀರು.
ನೀಲಿಗೆ ಐವತ್ತು.
ಕೆಂಪಿಗೆ ಅರವತ್ತು,
ಬೆರಳು ಇಟ್ಟಂಗ ಮಾಡಿ ತೆಗೀಬೇಕು.

ಗುಬ್ಬಿ ಮ್ಯಾಲ ಬ್ರಹ್ಮಾಸ್ತ್ರ ಅಂತಾರಲ್ಲ,
ಆ ಅಸ್ತ್ರಕ್ಕ ಕಟ್ಟಿಗಿ ಹೊಂದಿಸೋ ಆಳು ನಾನು.

ನಮ್ಮೂರ ಗಾಯರಾಣದಾಗ ಒಂದು ಕಬ್ಬಿಣದ ಮುಚ್ಚಳ ಅದ.
ಭೂಮಿ ನಡುಗಿದ ಮರುವರ್ಷ
ಯಾರೋ ದೊಡ್ಡ ಲಾರಿ ತಂದು ಕೊರದರು,
ಕೆಳಗಿನ ಸಪ್ಪಳ ಕೇಳಲಿಕ್ಕ ಅಂತ.
ಕೇಳಿಸ್ತೋ ಇಲ್ಲೋ, ನಮಗ ಹೇಳಲಿಲ್ಲ.
ಮುಚ್ಚಿ ಹೋದರು.
ಆವತ್ತಿನಿಂದ ಊರಿನವರಿಗೆ ಅದು ಅಂಜಿಕಿ:
ತೆಗದರ ಮತ್ತ ನಡುಗೀತು.
ಚಳಿಗಾಲದಾಗ ಅದರ ಮ್ಯಾಲ
ನಾಯಿ ಮಲಗತಿದ್ದವು, ಮುದುಡದ, ಕಾಲು ಚಾಚಿ.
ನಾಯಿಗೆ ಗೊತ್ತಿತ್ತು.
ನಮಗ ಮೂವತ್ತು ವರ್ಷ ಹಿಡೀತು.

ಹೋದ ಮಾಘದಾಗ ಜಯಮಾಲಾ ಬಿರಾಜದಾರ ಅಂತ ಒಬ್ಬಾಕಿ ಬಂದಳು,
ನಾಯಿ ಎಬ್ಬಿಸಿ, ಮುಚ್ಚಳ ಬಿಚ್ಚಿಸಿ,
ಒಂದು ದಿನ ಪಂಪ್ ಓಡಿಸಿದಳು.
ಐವತ್ತೆಂಟು.
ಮೂರು ಸಲ ನೋಡಿದಳು. ಐವತ್ತೆಂಟ.
ಆಕಿ ಮುಖ ಸಣ್ಣದಾತು:
ಇದರಿಂದ ಕರೆಂಟ್ ಆಗೂದಿಲ್ಲ ಕಾಕಾ, ಬಿಸಿ ಸಾಲದು.
ನಾ ಅಂದೆ,
ಕರೆಂಟ್ ಯಾರು ಕೇಳ್ಯಾರ ತಾಯಿ,
ನನಗ ಬಣ್ಣ ಹತ್ತಿದರ ಆತು.

ಹನ್ನೊಂದು ದಿನ ರಜಾ ಹಾಕಿದೆ.
ಬಕೆಟ್, ಉಪ್ಪು, ಸೋಡಾ, ಒಂದು ಡಜನ್ ಬಿಳಿ ಟವೆಲ್.
ಹಳದಿ ಹತ್ತಿತು. ನೀಲಿ ಹತ್ತಿತು.
ಕೆಂಪು ಮಾತ್ರ ಹಟ ಮಾಡಿ
ಒಂದು ಅಂಚಿಗೆ ಗುಲಾಬಿಯಾಗಿ ಉಳೀತು;
ಅದಕ್ಕ ಒಂದು ಹಿಡಿ ಕಟ್ಟಿಗಿ ಬೇಕು, ಟ್ರ್ಯಾಕ್ಟರ್ ಅಲ್ಲ.

ಕಮಳಾಬಾಯಿ ಸೊಂಟಕ್ಕ ಕೈ ಇಟ್ಟು ನಿಂತಿದ್ದಳು:
ಶಾಖ ಬೇಕಾದ್ರ ಒಯ್ರಿ.
ನಿಮ್ಮ ಬಣ್ಣದ ನೀರು ನಮ್ಮ ಹಳ್ಳಕ್ಕ ಬಿದ್ದರ
ಆ ಮುಚ್ಚಳ ನಾನ ಹಾಕತೀನಿ.
ಜಯಮಾಲಾ ಮಣ್ಣಾಗ ಗೆರಿ ಎಳದಳು:
ಈ ನೀರು ಕೊಳವಿಯೊಳಗ ಬಂದು,
ಬರೇ ಬಿಸಿ ಇಳಿಸಿ,
ಮೈ ತೊಳದಂಗ ತಿರುಗಿ ಕೆಳಗ ಹೋಗತದ,
ಬಣ್ಣದ ಮುಖಾನೂ ನೋಡೂದಿಲ್ಲ.
ಕಮಳಾಬಾಯಿ ಗೆರಿ ನೋಡಿದಳು, ಒಪ್ಪಲಿಲ್ಲ,
ಆದರ ಅಳಿಸಲೂ ಇಲ್ಲ.

ಗುಲಾಬಿ ಅಂಚಿನ ಟವೆಲ್ ಒಯ್ದು ಮಾಲಕರ ಮೇಜಿನ ಮ್ಯಾಲ ಇಟ್ಟೆ.
ಲಕ್ಷ್ಮೀಪತಿ ಶೇಟ್ ಮೂಗಿಗೆ ಹಿಡದ: ಹೊಗಿ ವಾಸನಿ ಇಲ್ಲಲ್ಲೋ.
ಆಮ್ಯಾಲ ಲೆಕ್ಕ:
ಮೂವತ್ತೆರಡು ಕಿಲೋಮೀಟರ್ ಪೈಪ್ ಎಳೆಯೋರು ಯಾರು?

ಬಿಸಿ ದಾರಿ ನಡೆಯೂದಿಲ್ಲ ಶೇಟ್,
ಅರ್ಧ ದಾರ್‍ಯಾಗ ತಣ್ಣಗಾಗತದ.
ಕಟ್ಟಿಗಿ ನಮ್ಮ ಹತ್ರ ಬರ್ತಿತ್ತು,
ಇದರ ಹತ್ರ ನಾವ ಹೋಗಬೇಕು:
ಎರಡು ತೊಟ್ಟಿ, ಒಂದು ಶೆಡ್ಡು,
ಬೇಕಾದ್ರ ನೂಲು ಒಣಗಿಸೋ ಕೋಣಿ.

ಅಂವ ಹೂಂ ಅನಲಿಲ್ಲ, ಉಹೂಂ ಅನಲಿಲ್ಲ.
ಟವೆಲ್ ಮಾತ್ರ ತಿರುಗಿ ಕೊಡಲಿಲ್ಲ.

ನಾಳೆ ಮೊದಲ ಪಾಳಿ.
ಗುರವ್ವ ಲಾಟೀನ ಹಿಡದು ನನ್ನ ಮುಖ ನೋಡಿದಳು:
ಎಡಗಡೆ, ನಾಲ್ಕು ಕೂದಲು.